ಮುಂದಾಳಿನ ಯಥಾರ್ಥತೆ

ಅನೇಕರು ಕೂಡಿ ಮಾಡಿದ ಕೆಲಸವು ಕೆಟ್ಟುಹೋದಾಗ ಅವರ ಮುಂದಾಳು, "ತಪ್ಪು ನಮ್ಮೆಲ್ಲರದು" ಎಂದು ಹೇಳುವದುಂಟು. ಈ ಮಾತು ಕಿವಿಗೆ ಇಂಪಾಗಿದೆ. ಅದು ಸತ್ಯವೋ ಇಲ್ಲವೆ ಅಡಗಿಕೊಳ್ಳುವದಕ್ಕೆ ತಕ್ಕ ಮರೆಯೋ ಎಂಬದನ್ನು ನಾವು ವಿಚಾರಿಸತಕ್ಕದ್ದು.

1979ನೇ ಇಸವಿ ಆಗಸ್ಟ್ 10ರಂದು ಶ್ರೀಹರಿಕೋಟೆಯಿಂದ ಹಾರಿಸಲ್ಪಟ್ಟ ಎಸ್‌ಎಲ್‌ವಿ-3 ಎಂಬ ರಾಕೆಟ್ಟು ಉಪಗ್ರಹವನ್ನು ಕಕ್ಷೆಗೆ ಸೇರಿಸದೆ ಬಂಗಾಳ ಕೊಲ್ಲಿಯಲ್ಲಿ ಬಿದ್ದುಹೋಯಿತು. ಆ ಕಾರ್ಯದ ನಿರ್ದೇಶಕರು ಎ. ಪಿ. ಜೆ. ಅಬ್ದುಲ್ ಕಲಾಂ. ಹಾರಿಸುವದಕ್ಕೆ ಕೆಲವು ನಿಮಿಷಗಳ ಮುಂಚೆ ಕಂಪ್ಯೂಟರು ತಡೆಯನ್ನು ತೋರಿಸಿತ್ತು. ಸೋರಿಕೆಯುಂಟು, ಆದರೂ ಉಳಿದದ್ದು ಸಾಕು ಎಂದು ತಜ್ಞರು ಹೇಳಲು, ಅವರು ತಡೆಯನ್ನು ಮೀರಿ ಅಪ್ಪಣೆಕೊಟ್ಟರು. ಎರಡನೆಯ ಹಂತವನ್ನು ದಾರಿಯಲ್ಲಿ ನಡಿಸಬೇಕಾಗಿದ್ದ ಆಮ್ಲವು ಸೋರಿಹೋಗಿತ್ತೆಂದು ತರುವಾಯದ ಪರೀಕ್ಷೆಯಿಂದ ತಿಳಿಯಬಂತು.

ಕಲಾಮರು ಹೇಳಿದ ಪ್ರಕಾರ, ಆ ದಿನ ಪತ್ರಿಕೆಯವರಿಗೆ ಉತ್ತರ ಕೊಟ್ಟವರು ಅವರಲ್ಲ. ಬೆಂಗಳೂರಿನ ಇಸ್ರೋ ಸಂಸ್ಥೆಗೆ ಅಧ್ಯಕ್ಷರಾಗಿದ್ದ ಸತೀಶ್ ಧವನರು ಸೋಲಿನ ಭಾರವನ್ನು ತಾವೇ ಹೊತ್ತು, ತಮ್ಮ ಜನರ ಮೇಲೆ ತಮಗೆ ಭರವಸವುಂಟೆಂದು ತಿಳಿಸಿದರು. 1980ನೇ ಜುಲೈ 18ರಂದು ರೋಹಿಣಿ ಉಪಗ್ರಹವು ಕಕ್ಷೆ ಸೇರಿದಾಗಲಾದರೋ ಮಾತಾಡುವದಕ್ಕೆ ಕಲಾಮರನ್ನೇ ಮುಂದೆ ಮಾಡಿದರು.

ಅಪ್ಪಣೆಕೊಟ್ಟವರು ಒಬ್ಬರು, ಹೊತ್ತವರು ಮತ್ತೊಬ್ಬರು; ಇದು ಒಂದು ವಿಧವಾದ ಸುಳ್ಳಲ್ಲವೋ ಎಂದು ಕೇಳುವಿರೇನು? ಅಲ್ಲವೆಂದು ನಮಗೆ ತೋರುತ್ತದೆ. ಯಾಕಂದರೆ ಆ ಕೆಲಸವೆಲ್ಲಾ ಧವನರ ಅಧಿಕಾರದ ಕೆಳಗೆ ನಡೆಯಿತು. ಇದಲ್ಲದೆ ಹೊರಗೆ ಅವರು ಭಾರ ಹೊತ್ತದ್ದರಿಂದ ಒಳಗಿನ ವಿಚಾರಣೆ ನಿಲ್ಲಲಿಲ್ಲ. ಸೋರಿದ್ದು ಏನು, ಯಾಕೆ ಎಂದು ಹುಡುಕಿಯೇ ತೀರಿದರು. ಊರಿನ ಸಹಕಾರ ಸಂಘದಲ್ಲಿ ಹಣ ಕಡಿಮೆ ಬಿದ್ದಾಗ ಅಧ್ಯಕ್ಷನು "ನಾವೆಲ್ಲರೂ ತಪ್ಪಿದೆವು" ಎಂದು ಲೆಕ್ಕದ ಪುಸ್ತಕವನ್ನು ಮುಚ್ಚಿಬಿಟ್ಟರೆ ಸಂಗತಿ ಬೇರೆ. ಆಗ "ನಾವು" ಎಂಬದು ಕಂಬಳಿಯಂತಿರುವದು. ಅದರ ಕೆಳಗೆ ಯಾರ ಕಾಲು ಯಾರದೆಂದು ಗೊತ್ತಾಗದು. ಸಭೆಯವರು ಅಂಥ ಮಾತಿಗೆ ತಲೆದೂಗುವದೂ ಉಂಟು, ಏನು ಮಾಡೋಣ!

ಬೇರೆಯವರ ಮುಂದೆ ಸತ್ಯವಾಡುವದಕ್ಕಿಂತ ತನ್ನ ಮುಂದೆ ತಾನು ಸತ್ಯವಾಡುವದು ಕಷ್ಟತರವಾಗಿದೆ. "ತಜ್ಞರು ಸಾಕೆಂದರು, ನಾನು ಕೇಳಿದೆನು" ಎಂಬ ನೆವವು ಕಲಾಮರ ಕೈಯಲ್ಲೇ ಇತ್ತು. ಅದು ಸುಳ್ಳೂ ಅಲ್ಲ. ತನ್ನನ್ನು ತಾನೇ ವಂಚಿಸಿಕೊಳ್ಳುವವನಿಗೆ ಬರೀ ಸುಳ್ಳಿಗಿಂತ ಇಂಥ ಅರೆಸತ್ಯವೇ ಹೆಚ್ಚಾಗಿ ಒದಗುವದು. ಅವರಾದರೋ ದೇಶದ ರಾಷ್ಟ್ರಪತಿಯಾದ ಮೇಲೆಯೂ, ತಡೆಯನ್ನು ಮೀರಿದ ಆ ತೀರ್ಮಾನವು ತಮ್ಮದೇ ಎಂದು ವಿದ್ಯಾರ್ಥಿಗಳ ಮುಂದೆ ಹೇಳುತ್ತಿದ್ದರು.