ನಮ್ಮದೆಂಬುದು ಯಾವುದು?

ಮನುಷ್ಯನು ಹಿಡಿದುಕೊಂಡದ್ದು ಅವನದೋ, ಬಿಟ್ಟುಕೊಟ್ಟದ್ದು ಅವನದೋ? ಗಾಜಿನ ಕಾರ್ಖಾನೆಯ ಒಬ್ಬ ಧಣಿಯ ಜೀವಿತವನ್ನು ನೋಡಿ ಇದನ್ನು ವಿಚಾರಿಸೋಣ.

ಹೆನ್ರಿ ವಿಲಿಯಂ ಸ್ಟೀಗಲ್ ಎಂಬವನು 1729ರಲ್ಲಿ ಜರ್ಮನಿಯ ಕೊಲೋನ್ ಪಟ್ಟಣದ ಬಳಿಯಲ್ಲಿ ಹುಟ್ಟಿ, 1750ರಲ್ಲಿ ಅಮೇರಿಕದ ಫಿಲಡೆಲ್ಫಿಯಕ್ಕೆ ಹಡಗಿನಲ್ಲಿ ಬಂದನು. ಪೆನ್ಸಿಲ್ವೇನಿಯ ಸೀಮೆಯಲ್ಲಿ ಕಬ್ಬಿಣದ ಕುಲುಮೆಯುಳ್ಳ ಯಾಕೋಬ ಹೂಬರನ ಬಳಿಯಲ್ಲಿ ದುಡಿದು, ಅವನ ಮಗಳನ್ನು ಮದುವೆಯಾಗಿ, ಕಾಲಕ್ರಮದಲ್ಲಿ ತಾನೇ ಒಡೆಯನಾದನು. 1762ರಲ್ಲಿ ಮ್ಯಾನ್‌ಹೈಮ್ ಎಂಬ ಊರಿಗೆ ನೆಲೆಹಾಕಿ, ಮುಂದೆ ಅಲ್ಲಿ ಗಾಜಿನ ಕೆಲಸವನ್ನು ನಡಿಸಿದನು. ಮರಳನ್ನೂ ಕ್ಷಾರವನ್ನೂ ಕರಗಿಸಿ, ಕೊಳವೆಯಿಂದ ಊದಿ, ನೀಲಿ ನೇರಳೆ ಬಣ್ಣಗಳ ಪಾತ್ರೆಗಳನ್ನು ಮಾಡಿಸಿದನು. ಆಗ ಅಮೇರಿಕವು ಇಂಗ್ಲೆಂಡಿನ ಆಳಿಕೆಯಲ್ಲಿತ್ತು. 1767ರಲ್ಲಿ ಹೊರಗಿನಿಂದ ಬರುವ ಗಾಜಿಗೆ ಸುಂಕ ಬಿದ್ದಾಗ, ಊರಲ್ಲೇ ಆದ ಗಾಜಿಗೆ ಗಿರಾಕಿ ಹೆಚ್ಚಿತು. ಅದರೊಂದಿಗೆ ಡಂಭವೂ ಸಾಲವೂ ಹೆಚ್ಚಿದವು. ಹುಟ್ಟಿನಿಂದ ಪ್ರಭುವಲ್ಲದವನನ್ನು ಜನರು ಪ್ರಭುವೆಂದು ಕರೆದರು. ಅವನು ಊರಿಗೆ ಬರುವಾಗ ತೋಪು ಹಾರಿಸುತ್ತಿದ್ದರೆಂಬ ಹೇಳಿಕೆಯೂ ಉಂಟು.

1770ರಲ್ಲಿ ಆ ಸುಂಕ ತೆಗೆಯಲ್ಪಟ್ಟಿತು; ಇಂಗ್ಲೆಂಡಿನ ಗಾಜು ತಿರಿಗಿ ಬಂದಿತು. ಲಾಟರಿಯನ್ನು ನಡಿಸಿದರೂ ಅವನು ಸಾವರಿಸಿಕೊಳ್ಳಲಿಲ್ಲ. 1774ರಲ್ಲಿ ಸಾಲದ ನಿಮಿತ್ತ ಸೆರೆಮನೆಯನ್ನು ಕಂಡನು. ಬಿಡುಗಡೆಯಾದ ಮೇಲೆ ಮಕ್ಕಳಿಗೆ ಪಾಠ ಹೇಳಿ ಜೀವಿಸಿ, 1785ರಲ್ಲಿ ಬಡವನಾಗಿ ಸತ್ತನು.

ಆದರೂ ಒಂದು ಸಂಗತಿ ಉಳಿಯಿತು. 1772ರಲ್ಲಿ ಅವನು ಮ್ಯಾನ್‌ಹೈಮಿನ ಲುಥೆರನ್ ಸಭೆಗೆ ಆಲಯಕ್ಕಾಗಿ ನೆಲವನ್ನು ಬರಕೊಟ್ಟಿದ್ದನು. ಪಡೆದ ಕ್ರಯ 5 ಶಿಲಿಂಗು. ಗೇಣಿಯೋ, ಕೇಳಿದರೆ ವರುಷಕ್ಕೊಮ್ಮೆ ಜೂನ್ ತಿಂಗಳಲ್ಲಿ ಒಂದು ಕೆಂಪು ಗುಲಾಬಿ ಹೂ! 1892ರಿಂದ ಆ ಸಭೆಯವರು ಜೂನಿನಲ್ಲಿ ಹಬ್ಬಮಾಡಿ, ಅವನ ಸಂತತಿಯವರಿಗೆ ಆ ಹೂವನ್ನು ಸಲ್ಲಿಸುವ ವಾಡಿಕೆಯನ್ನು ಇಟ್ಟುಕೊಂಡರು. ಕುಲುಮೆಯೂ ಕಾರ್ಖಾನೆಯೂ ಪರರ ಪಾಲಾದವು. ಕೊಟ್ಟ ನೆಲ ಮಾತ್ರ ಅವನ ಹೆಸರಿನಲ್ಲಿ ನಿಂತಿತು.

ಇಲ್ಲಿ ಒಬ್ಬನು, ಸಾಲವುಳ್ಳವನು ದಾನಮಾಡುವದು ನ್ಯಾಯವೋ ಎಂದು ಕೇಳಾನು. ಆ ಮಾತನ್ನು ತಳ್ಳಿಬಿಡಲಾಗದು. ಪರರ ಹಣದಿಂದ ಉದಾರಿಯಾಗುವದು ಸುಲಭ. ದಾನವು ಸಾಲವನ್ನು ಮುಚ್ಚುವ ಹೊದಿಕೆಯಲ್ಲ. ತೀರಿಸತಕ್ಕದ್ದನ್ನು ತೀರಿಸುವದೂ ದೇವಸೇವೆಯೇ. ಆದರೆ ನಮ್ಮನ್ನು ಸಾಲಕ್ಕೆ ದೂಡುವದು ಸಾಮಾನ್ಯವಾಗಿ ದೇವರ ಕಾಣಿಕೆಯಲ್ಲ, ನಾಲ್ಕು ಜನರ ಮುಂದೆ ದೊಡ್ಡವರೆನ್ನಿಸಿಕೊಳ್ಳುವ ಆಶೆಯೇ. ಮದುವೆಯ ಓಲಗಕ್ಕಾಗಿ ಹೊಲವನ್ನು ಸಾಹುಕಾರನಲ್ಲಿ ಅಡವಿಟ್ಟು, ಕಾಣಿಕೆಯ ದಿನದಲ್ಲಿ ಕೈ ಬರಿದೆನ್ನುವವರು ನಮ್ಮಲ್ಲಿ ಇಲ್ಲವೇ? ಆ ಓಲಗವು ಮೂರು ದಿನದ್ದು. ಬಡ್ಡಿಯು ಮಕ್ಕಳ ಕಾಲದ ವರೆಗೂ ಇರುವದು.

ಪ್ರಿಯರೇ, ನೆಲವೂ ಮಳೆಯೂ ಉಸಿರೂ ನಮಗೆ ಕ್ರಯಕ್ಕೆ ದೊರೆತವುಗಳಲ್ಲ. ಕೊಟ್ಟಾತನು ಕೇಳುವ ಗೇಣಿಯೂ ಹೂವಿನಷ್ಟೇ ಹಗುರ: ಕೃತಜ್ಞತೆಯುಳ್ಳ ಹೃದಯ, ನೆರೆಯವನಿಗೆ ಚಾಚಿದ ಕೈ. ಹಿಡಿದದ್ದನ್ನು ಸಾಲ ಕೊಟ್ಟವನಾಗಲಿ ಮರಣವಾಗಲಿ ಕಿತ್ತುಕೊಳ್ಳುವದು. ನ್ಯಾಯವಾಗಿ ಗಳಿಸಿ ಪ್ರೀತಿಯಿಂದ ಕೊಟ್ಟದ್ದೇ ನಮ್ಮದು. ಈ ಗೇಣಿಯನ್ನು ತಪ್ಪದೆ ಸಲ್ಲಿಸುವ ಮನಸ್ಸನ್ನು ಕರ್ತನು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೆನ್.