ಸಸಾರ ಹಾದಿ ಹಿಡಿಯುವುದು ತಪ್ಪೇ?

ಮಳೆಗಾಲ ಮುಗಿದು ತೊಗರಿ ಹೂವಾಡುವ ಹೊತ್ತಿಗೆ ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಭಾಗದ ಧರ್ಮಕೇಂದ್ರಗಳಲ್ಲಿ ಕುಟುಂಬಗಳೆಲ್ಲ ಕೂಡಿ ಒಂದು ದಿನದ ಮಟ್ಟಿಗೆ ಎಲ್ಲಿಗಾದರೂ ಹೋಗಿಬರುವ ಮಾತು ಏಳುತ್ತದೆ. ಬಹುಪಾಲು ಆ ಮಾತು ಚಿಂಚೋಳಿಯ ಕಾಡಿಗೆ ಬಂದು ನಿಲ್ಲುತ್ತದೆ. ಬಿಸಿಲ ನಾಡೆಂದು ಹೆಸರಾದ ನಮ್ಮ ಜಿಲ್ಲೆಯಲ್ಲಿ ಗುಡ್ಡ, ಕಣಿವೆ, ಹಳ್ಳ, ನೆರಳು ಒಟ್ಟಿಗೆ ಸಿಗುವ ಜಾಗ ಅದು. ಸುಮಾರು 135 ಚದರ ಕಿಲೋಮೀಟರ್ ವಿಸ್ತಾರದ ಆ ಕಾಡನ್ನು ಸರ್ಕಾರ 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿತು. ಮುಧೋಳದವರಿಗೆ (ಬಾಗಲಕೋಟೆಯ ಮುಧೋಳವಲ್ಲ, ನಮ್ಮ ಸೇಡಂ ತಾಲ್ಲೂಕಿನ ಮುಧೋಳ) ಒಂದೇ ದಿನದಲ್ಲಿ ಹೋಗಿ ನಡೆದಾಡಿ ರಾತ್ರಿಯ ಊಟಕ್ಕೆ ಮನೆ ಸೇರಲು ಇದಕ್ಕಿಂತ ಒಳ್ಳೆಯ ಸ್ಥಳವಿಲ್ಲ.

ಜಾಗ ಗೊತ್ತಾದ ಮೇಲೆ ಹಾದಿಯ ಮಾತು ಬರುತ್ತದೆ. ಚಂದ್ರಂಪಳ್ಳಿ ಅಣೆಕಟ್ಟಿನ ಮಗ್ಗುಲಿಗೆ ಸಮತಟ್ಟಾಗಿ ನಡೆದರೆ ಸಾಕೋ, ಗೊಟ್ಟಂಗೊಟ್ಟದ ಕಡೆ ಗುಡ್ಡದ ಸಾಲು ಹತ್ತಬೇಕೋ, ಅಥವಾ ಎತ್ತಿಪೋತ ಜಲಪಾತದ ಬುಡಕ್ಕೆ ಕಲ್ಲು ಹಿಡಿದು ಇಳಿಯಬೇಕೋ? ಹಿರಿಯರು ಅಣೆಕಟ್ಟು ಸಾಕೆನ್ನುತ್ತಾರೆ. ಆಗ ಯುವಕರಲ್ಲಿ ಒಬ್ಬನಾದರೂ ಎದ್ದು ನಿಂತು, “ಫಾದರ್, ಸಸಾರ ಹಾದಿ ಹಿಡದ್ರ ಅದ್ರಾಗ ಏನು ಮಜಾ ಅದರಿ?” ಎಂದು ಕೇಳುವುದುಂಟು. ಇನ್ನೊಬ್ಬ ಒಂದು ಹೆಜ್ಜೆ ಮುಂದೆ ಹೋಗಿ ಬೈಬಲ್ಲನ್ನೇ ಹಿಡಿಯುತ್ತಾನೆ: ಇಕ್ಕಟ್ಟಾದ ಬಾಗಿಲಿನಿಂದ ಒಳಹೋಗಿರಿ ಎಂದು ಪ್ರಭುವೇ ಹೇಳಿಲ್ಲವೇ, ಅಗಲವಾದ ಹಾದಿ ನಾಶಕ್ಕೆ ಒಯ್ಯುತ್ತದೆಂದು ಮತ್ತಾಯನ ಶುಭಸಂದೇಶದಲ್ಲಿ ಇಲ್ಲವೇ?

ಇದನ್ನು ನಗೆಚಾಟಿಕೆಯೆಂದು ಬಿಟ್ಟುಬಿಡಬಾರದು. ಕಷ್ಟವಾದದ್ದೇ ಶ್ರೇಷ್ಠ, ಸುಲಭವಾದದ್ದು ಕೀಳು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ತಪಸ್ಸುಕಾಲದ ಉಪವಾಸ, ಬರಿಗಾಲಿನ ಹರಕೆ, ಶಿಲುಬೆಯ ಹಾದಿ ಇವೆಲ್ಲವುಗಳ ನಡುವೆ ಬೆಳೆದ ನಮಗೆ ಅದು ಸಹಜವೇ. ಹಾಗಿದ್ದರೆ ಶಕ್ತಿಯಿದ್ದೂ ಸುಲಭದ ಹಾದಿ ಆರಿಸುವುದು ಹೇಡಿತನವೇ? ಸೋಮಾರಿತನವೇ?

ಸಂತ ತೋಮಾಸ್ ಅಕ್ವಿನಾಸರು ಈ ಪ್ರಶ್ನೆಯನ್ನು ಎರಡೂ ಕಡೆಯಿಂದ ನೋಡಿದ್ದಾರೆ. ತಮ್ಮ ‘ಸುಮ್ಮಾ ಥಿಯೊಲೋಜಿಯೆ’ ಗ್ರಂಥದಲ್ಲಿ ಅವರು ತನ್ನ ಶಕ್ತಿಗೆ ಮೀರಿದ್ದನ್ನು ಮಾಡಹೊರಡುವುದನ್ನು ಒಂದು ದೋಷವೆಂದೂ, ತನ್ನ ಶಕ್ತಿಗೆ ತಕ್ಕದ್ದನ್ನು ಮಾಡದೆ ಕುಗ್ಗಿ ಕೂರುವುದನ್ನು ಇನ್ನೊಂದು ದೋಷವೆಂದೂ ಎಣಿಸುತ್ತಾರೆ. ಮೊದಲನೆಯದು ದುಸ್ಸಾಹಸ, ಎರಡನೆಯದು ಅಲ್ಪಮನಸ್ಸು. ಯಜಮಾನನ ಹಣವನ್ನು ನೆಲದಲ್ಲಿ ಹೂತಿಟ್ಟ ಸೇವಕನನ್ನು ಅವರು ಎರಡನೆಯದಕ್ಕೆ ಉದಾಹರಣೆ ಕೊಡುತ್ತಾರೆ. ಇಲ್ಲಿ ಗಮನಿಸಬೇಕಾದದ್ದು ಅಳತೆಗೋಲು. ಹಾದಿ ಎಷ್ಟು ಕಡಿದು ಎಂಬುದು ಅಳತೆಯಲ್ಲ, ನಡೆಯುವವನ ಶಕ್ತಿ ಎಷ್ಟು ಎಂಬುದು ಅಳತೆ. ಇಪ್ಪತ್ತರ ಹುಡುಗನಿಗೆ ಅಣೆಕಟ್ಟಿನ ಏರಿ ಅಲ್ಪವಾಗಬಹುದು. ಎಪ್ಪತ್ತರ, ಮಂಡಿನೋವಿನ ಅಜ್ಜಿಗೆ ಅದೇ ಏರಿ ಸಾಹಸವಾಗಬಹುದು.

ಹೀಗೆಂದು ಧರ್ಮಸಭೆ ಎತ್ತರಗಳನ್ನು ಕಂಡರೆ ಹಿಂಜರಿಯುತ್ತದೆಂದಲ್ಲ. 1922ರಲ್ಲಿ ಪೋಪ್ ಹನ್ನೊಂದನೆಯ ಪಿಯುಸ್ ಆದವರು, ಅಕಿಲೆ ರತ್ತಿ ಎಂಬ ಯಾಜಕರಾಗಿದ್ದಾಗ, 1889ರಲ್ಲಿ ಆಲ್ಪ್ಸ್ ಪರ್ವತಗಳ ಮೋಂತೆ ರೋಸಾ ಶಿಖರವನ್ನು ಅದರ ಕಡಿದಾದ ಪೂರ್ವದ ಮುಖದಿಂದ ಏರಿದ್ದರು. 1923ರಲ್ಲಿ ಅವರೇ ಮೆಂತೋನಿನ ಸಂತ ಬೆರ್ನಾರ್ಡರನ್ನು ಪರ್ವತಾರೋಹಿಗಳ ಪಾಲಕ ಸಂತರೆಂದು ಸಾರಿದರು. 2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ತೂರಿನ್ ನಗರದ ಯುವಕ ಪಿಯೆರ್ ಜೋರ್ಜೊ ಫ್ರಸಾತಿ, ಬಡವರ ಮನೆಗಳಿಗೂ ಬೆಟ್ಟದ ತುದಿಗಳಿಗೂ ಒಂದೇ ಉತ್ಸಾಹದಿಂದ ಹತ್ತಿದವನು. 1925ರಲ್ಲಿ ತೀರಿಕೊಂಡಾಗ ಅವನಿಗೆ 24 ವರ್ಷ. ನಮ್ಮ ಯುವಕರು ಗುಡ್ಡ ಹತ್ತಬೇಕೆಂದರೆ ನನಗೆ ಸಂತೋಷವೇ.

ಆದರೆ ಬೆಟ್ಟಕ್ಕೂ ಕಣಿವೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ಬೆಟ್ಟದಲ್ಲಿ ಕಷ್ಟ ಮೊದಲು ಬರುತ್ತದೆ. ದಮ್ಮು ಹತ್ತಿದವನು ಅರ್ಧದಲ್ಲೇ ಕುಳಿತು, ಸಾಕಪ್ಪಾ ಎಂದು ಇಳಿದುಬಿಡಬಹುದು. ಕಣಿವೆಯಲ್ಲಿ ಎಲ್ಲವೂ ತಿರುವುಮುರುವು. ಇಳಿಯುವುದು ಮೊದಲು, ಬೆಳಗಿನ ತಂಪು, ಹೊಸ ಕಾಲು, ಹರಟೆ, ನಗು. ಏರುವುದು ಆಮೇಲೆ, ನೀರು ಮುಗಿದಿದೆ, ಸೂರ್ಯ ನೆತ್ತಿಯ ಮೇಲಿದ್ದಾನೆ, ಮಗು ಎತ್ತಿಕೋ ಎನ್ನುತ್ತಿದೆ. ಅಲ್ಲಿ ಸಾಕೆನ್ನಲು ಬರುವುದಿಲ್ಲ, ಏಕೆಂದರೆ ಮನೆ ಇರುವುದು ಮೇಲೆ.

ನಮ್ಮ ಭಾಗದವರ ಮಕ್ಕಳೂ ಈಗ ಅಮೆರಿಕದಲ್ಲಿ ನೌಕರಿಯಲ್ಲಿದ್ದಾರೆ, ಹಿರಿಯರು ಅಲ್ಲಿಗೆ ಹೋಗಿಬರುತ್ತಾರೆ. ಅಂಥವರು ನೋಡಿಬರುವ ಜಾಗಗಳಲ್ಲಿ ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನವೂ ಒಂದು. ಕೊಲೊರಾಡೊ ನದಿ ಕೊರೆದ ಆ ಕಣಿವೆ 446 ಕಿಲೋಮೀಟರ್ ಉದ್ದ, ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಆಳ. ಅಂಚಿನ ಮೇಲೆಯೇ ಸಮತಟ್ಟಾದ ಹಾದಿಯಿದೆ, ಅಜ್ಜ ಅಜ್ಜಿಯರಿಗೂ ಅಡ್ಡಿಯಿಲ್ಲ. ಮಧ್ಯಮ ತರಗತಿಯವರು ಸೌತ್ ಕೈಬಾಬ್ ಹಾದಿಯಲ್ಲಿ ಸೀಡರ್ ರಿಜ್ ಎಂಬಲ್ಲಿಯವರೆಗೆ ಹೋಗಿಬರುತ್ತಾರೆ. ಹೋಗಲು ಸುಮಾರು 2.4 ಕಿಲೋಮೀಟರ್, ಇಳಿತ ಸುಮಾರು 340 ಮೀಟರ್. ಕೇಳಲು ಏನೂ ಅಲ್ಲ. ಆದರೆ ಆ ಹಾದಿಯಲ್ಲಿ ನೀರು ಸಿಗುವುದಿಲ್ಲ, ಇಳಿದ 340 ಮೀಟರನ್ನೂ ಹತ್ತಿಯೇ ತೀರಬೇಕು. ಇಳಿಯಲು ಹಿಡಿದ ಸಮಯದ ಎರಡರಷ್ಟನ್ನು ಏರಲು ಇಟ್ಟುಕೊಳ್ಳಬೇಕೆಂಬುದು ಅಲ್ಲಿಯ ಲೆಕ್ಕ. ಬೇಸಿಗೆಯಲ್ಲಿ ತಳ ಕಾದ ಹಂಚಿನಂತಿರುತ್ತದೆ, ನೆರಳಿನಲ್ಲೂ 40 ಡಿಗ್ರಿ ದಾಟುತ್ತದೆ. ಒಂದೇ ದಿನದಲ್ಲಿ ನದಿಯವರೆಗೆ ಇಳಿದು ಏರುವ ಪ್ರಯತ್ನ ಬೇಡವೆಂದು ಉದ್ಯಾನದವರು ಎಚ್ಚರಿಸುತ್ತಾರೆ. ಆದರೂ ವರ್ಷಕ್ಕೆ ನೂರಾರು ಜನರನ್ನು ಅಲ್ಲಿಂದ ರಕ್ಷಿಸಿ ತರಬೇಕಾಗುತ್ತದೆ, ಪ್ರಾಣಹಾನಿಯೂ ಆಗುತ್ತದೆ. ಗಟ್ಟಿಮುಟ್ಟಾದ ಯುವಕರೂ ಇದರಲ್ಲಿ ಸೇರಿದ್ದಾರೆ. ಇಳಿಯುವಾಗ ಅವರ ದೇಹ ಸುಲಭ ಎಂದೇ ಹೇಳಿತ್ತು.

ಇದನ್ನು ತಿಳಿಯಲು ಅಮೆರಿಕದವರೆಗೆ ಹೋಗಬೇಕೆಂದೇನೂ ಇಲ್ಲ. ಶಹಾಬಾದ ಸುತ್ತಲಿನ ಕಲ್ಲುಗಣಿಗಳಲ್ಲಿ ದುಡಿಯುವ ನಮ್ಮ ಜನ ಬೆಳಿಗ್ಗೆ ತಂಪಿನಲ್ಲಿ ಕೆಳಗಿಳಿಯುತ್ತಾರೆ, ದಿನವಿಡೀ ಹಾಸುಗಲ್ಲು ಎಬ್ಬಿಸಿ, ಮೈಯಲ್ಲಿ ಏನೂ ಉಳಿಯದ ಹೊತ್ತಿಗೆ ಮೇಲೇರುತ್ತಾರೆ. ಸಾಲವೂ ಇಂಥದ್ದೇ ಕಣಿವೆ. ಮಗಳ ಮದುವೆಗೆ ಸಾಲ ತೆಗೆಯುವುದು ಇಳಿಜಾರು. ಶಾಮಿಯಾನ, ಬ್ಯಾಂಡು, ಊಟ, ನೆಂಟರ ಮೆಚ್ಚುಗೆ. ತೀರಿಸುವುದು ಏರು, ಅದನ್ನು ಮುದುಕಾದ ಕಾಲುಗಳು ಏರಬೇಕು. ಗೋಪುರ ಕಟ್ಟಹೊರಡುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಪ್ರಭು ಕೇಳಿದ್ದು ಲೂಕನ ಶುಭಸಂದೇಶದ ಹದಿನಾಲ್ಕನೆಯ ಅಧ್ಯಾಯದಲ್ಲಿದೆ. ಆದ್ದರಿಂದ ಒಂದು ಹಾದಿ ಸುಲಭವೋ ಕಷ್ಟವೋ ಎಂಬುದನ್ನು ಮೊದಲ ಹೆಜ್ಜೆಯಿಂದ ಹೇಳಲು ಬರುವುದಿಲ್ಲ. ಎತ್ತಿಪೋತದಲ್ಲಿ ನೀರಿನ ಸದ್ದು ಕೇಳುತ್ತಾ ಕೆಳಗಿಳಿಯುವವರೂ ಹತ್ತಿ ಬರುವ ಲೆಕ್ಕವನ್ನು ಮೇಲೆಯೇ ಹಾಕಿಕೊಳ್ಳಬೇಕು. ಮಳೆಯ ದಿನಗಳಲ್ಲಿ ಪಾಚಿಗಟ್ಟಿದ ಬಂಡೆಗಳ ಲೆಕ್ಕವನ್ನೂ ಸೇರಿಸಿ.

ಇಕ್ಕಟ್ಟಾದ ಬಾಗಿಲಿನ ಮಾತಿಗೆ ಈಗ ಬರೋಣ. ಪ್ರಭು ಹೇಳಿದ ಇಕ್ಕಟ್ಟು ನಾವು ಹುಡುಕಿಕೊಂಡು ಹೋದ ಇಕ್ಕಟ್ಟಲ್ಲ, ಪ್ರೀತಿ ತಂದೊಡ್ಡುವ ಇಕ್ಕಟ್ಟು. ಅದೇ ಮತ್ತಾಯನ ಶುಭಸಂದೇಶದಲ್ಲಿ ಸೈತಾನನು ಯೇಸುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ, ಕೆಳಗೆ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಎನ್ನುತ್ತಾನೆ. ಅದಕ್ಕಿಂತ ಕಡಿದಾದ ಹಾದಿ ಇನ್ನಾವುದು? ಪ್ರಭು ಅದನ್ನು ನಿರಾಕರಿಸಿದರು. ಹಾಗೆಯೇ ತನ್ನ ನೊಗ ಮೃದು, ಹೊರೆ ಹಗುರ ಎಂದವರೂ ಅವರೇ. ಗುಂಪಿನಲ್ಲಿ ನಿಜವಾದ ಇಕ್ಕಟ್ಟು ಯಾವುದೆಂದರೆ, ಓಡುವ ಶಕ್ತಿಯಿದ್ದವನು ನಿಧಾನಿಸುವುದು. ಗುಡ್ಡ ಹತ್ತುವುದಕ್ಕಿಂತ ಅದೇ ಕಷ್ಟವೆಂದು ಯಾವ ಯುವಕನನ್ನಾದರೂ ಕೇಳಿ ನೋಡಿ.

ನಾವು ಸಾಮಾನ್ಯವಾಗಿ ಮೊದಲು ಹಾದಿ ಆರಿಸುತ್ತೇವೆ, ಆಮೇಲೆ ಜನರನ್ನು ಅದಕ್ಕೆ ಹೊಂದಿಸುತ್ತೇವೆ. ಹೊಂದದವರಿಗೆ, ಅಮ್ಮಾ ನೀವು ಇಲ್ಲೇ ನೆರಳಿನಲ್ಲಿ ಕೂತಿರ್ರಿ, ನಾವು ಹೋಗಿ ಬರ್ತೀವಿ ಎನ್ನುತ್ತೇವೆ. ಮಾತಿನಲ್ಲಿ ಕಾಳಜಿಯಿದೆ, ಕೆಲಸದಲ್ಲಿ ಬಿಟ್ಟುಹೋಗುವುದಿದೆ. ಇನ್ನೂ ಕೆಟ್ಟದ್ದೆಂದರೆ, ನಾಚಿಕೆಗೆ ಬಿದ್ದು ನನಗೇನೂ ಆಗಿಲ್ಲ ಎಂದು ಹಿಂದೆ ಹಿಂದೆ ಬರುವವರು. ಸಕ್ಕರೆ ಕಾಯಿಲೆಯಿರುವ ತಂದೆ ಮಗನ ಗೆಳೆಯರ ಮುಂದೆ ಕಾಲು ನೋಯುತ್ತಿದೆ ಎನ್ನುವುದಿಲ್ಲ. ಅವನ ಮೌನವನ್ನು ಒಪ್ಪಿಗೆಯೆಂದು ತಿಳಿಯುವುದು ನಮಗೆ ಅನುಕೂಲವಾದದ್ದರಿಂದ ನಾವು ಹಾಗೆ ತಿಳಿಯುತ್ತೇವೆ. ಕಣಿವೆಯಲ್ಲಿ ಈ ಮೌನಕ್ಕೆ ಜೀವದ ಬೆಲೆ ತೆರಬೇಕಾದೀತು.

ಕ್ರಮ ತಿರುಗಬೇಕು. ಮೊದಲು ಹೆಸರುಗಳ ಪಟ್ಟಿ. ಯಾರು ಬರುತ್ತಾರೆ, ವಯಸ್ಸೆಷ್ಟು, ಯಾರಿಗೆ ಮಂಡಿ, ಯಾರಿಗೆ ಉಸಿರು, ಯಾರು ಬಸುರಿ, ಯಾರ ಕಂಕುಳಲ್ಲಿ ಕೂಸು. ಆರು ದಿನ ಗಣಿಯಲ್ಲೋ ಸಿಮೆಂಟ್ ಕಾರ್ಖಾನೆಯಲ್ಲೋ ಮೈ ಮುರಿದು ದುಡಿದವನನ್ನೂ ಈ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳಿ. ಅವನಿಗೆ ಭಾನುವಾರ ಮತ್ತೊಂದು ಏರು ಬೇಕಿಲ್ಲ. ವಿಶ್ರಾಂತಿ ದೇವರೇ ಅವನಿಗೆ ಕೊಟ್ಟ ಹಕ್ಕು. ಬೆವರಿನ ಹಿರಿಮೆಯನ್ನು ಅವನಿಗೆ ಬೋಧಿಸಲು ನಮ್ಮಲ್ಲಿ ಯಾರಿಗೂ ಅರ್ಹತೆಯಿಲ್ಲ. ಈ ಪಟ್ಟಿ ಮುಂದಿಟ್ಟುಕೊಂಡು ಹಾದಿ ಆರಿಸಿದರೆ ಚರ್ಚೆ ಬೇಗ ಮುಗಿಯುತ್ತದೆ. ಗುಂಪಿನಲ್ಲಿ ಹಿರಿಯರು, ಕೂಸುಗಳು ಇದ್ದರೆ ಚಂದ್ರಂಪಳ್ಳಿಯ ನೀರಿನಂಚು ಸಾಕು. ದೊಡ್ಡ ಮಕ್ಕಳಿರುವ, ಮೈಯಲ್ಲಿ ಆರೋಗ್ಯವಿರುವ ಮನೆಗಳಾದರೆ ಗೊಟ್ಟಂಗೊಟ್ಟದ ಕಡೆ ಅರ್ಧ ದಿನ ನಡೆಯಬಹುದು. ಅಕ್ಟೋಬರದಿಂದ ಫೆಬ್ರವರಿಯವರೆಗೆ ಮಾತ್ರ. ಏಪ್ರಿಲ್ ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಯಾವ ಹಾದಿಯೂ ಸುಲಭವಲ್ಲ. ಅರಣ್ಯ ಇಲಾಖೆಯವರನ್ನು ಮುಂಚೆಯೇ ಕೇಳಿಕೊಳ್ಳಿ. ಅದು ತೋಳ, ಕತ್ತೆಕಿರುಬಗಳ ಮನೆ, ಒಳಗೆ ತಾಂಡಾಗಳ ಜನರೂ ಬಾಳುತ್ತಾರೆ. ನಾವು ಅಲ್ಲಿ ಅತಿಥಿಗಳು.

ನಡುವೆ ಒಂದು ಮಾತು. ಇಂಥ ಪ್ರವಾಸಗಳಲ್ಲಿ ಗಂಡಸರು, ಮಕ್ಕಳು ಕಾಡು ನೋಡುತ್ತಾರೆ, ಹೆಂಗಸರು ಮೂರು ಕಲ್ಲಿನ ಒಲೆ ನೋಡುತ್ತಾರೆ. ಅಡಿಗೆ ಮುಗಿಯುವ ಹೊತ್ತಿಗೆ ಹಿಂತಿರುಗುವ ವೇಳೆ. ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ, ಮೊಸರು ಬುತ್ತಿ ಕಟ್ಟಿಕೊಂಡು ಹೋದರೆ ಒಲೆಯೂ ಬೇಡ, ಕಾಡಿಗೆ ಬೆಂಕಿಯ ಭಯವೂ ಇಲ್ಲ. ಬುತ್ತಿ ಕಟ್ಟುವ ಕೆಲಸವನ್ನೂ ಮನೆಯವರೆಲ್ಲ ಹಂಚಿಕೊಳ್ಳಲಿ ಎಂದರೆ ಕೆಲವರು ಮುಖ ಸಿಂಡರಿಸಬಹುದು, ಸಿಂಡರಿಸಲಿ. ಪ್ರವಾದಿ ಎಲೀಯನು ಜೀವವೇ ಸಾಕಾಗಿ ಮರುಭೂಮಿಯ ಗಿಡದ ಕೆಳಗೆ ಮಲಗಿದ್ದಾಗ ದೇವದೂತನು ಅವನಿಗೆ ಬುದ್ಧಿವಾದ ಹೇಳಲಿಲ್ಲ. ರೊಟ್ಟಿ, ನೀರು ಕೊಟ್ಟ, ನಿದ್ದೆ ಮಾಡಲು ಬಿಟ್ಟ, ಮತ್ತೆ ಎಬ್ಬಿಸಿ ಹಾದಿ ದೂರವಿದೆ ಎಂದು ಇನ್ನೊಮ್ಮೆ ಉಣಿಸಿದ.

ಹಾಗಾದರೆ ಗುಡ್ಡ ಹತ್ತಬೇಕೆಂದ ಯುವಕರ ಗತಿ? ಅವರ ಆಸೆಯನ್ನು ಹೂತಿಡಬೇಕೆಂದು ನಾನು ಹೇಳಲಾರೆ, ಅದು ಅಲ್ಪಮನಸ್ಸೇ ಆಗುತ್ತದೆ. ಅವರು ಬೇರೊಂದು ಶನಿವಾರ ತಾವೇ ಹೋಗಲಿ, ಹಾದಿ ಬಲ್ಲ ಸ್ಥಳೀಯರೊಬ್ಬರನ್ನು ಕರೆದುಕೊಂಡು, ಹಿಂತಿರುಗುವ ವೇಳೆಯನ್ನು ಮನೆಯಲ್ಲಿ ಬರೆದಿಟ್ಟು. ಆದಿಕಾಂಡದ ಮೂವತ್ತಮೂರನೆಯ ಅಧ್ಯಾಯದಲ್ಲಿ ಅಣ್ಣತಮ್ಮಂದಿರಿಬ್ಬರು ಇದೇ ಪ್ರಶ್ನೆಯ ಮುಂದೆ ನಿಲ್ಲುತ್ತಾರೆ. ಬಹುವರ್ಷಗಳ ಮುನಿಸು ಮುಗಿದು ಏಸಾವನು ಯಕೋಬನನ್ನು ಅಪ್ಪಿಕೊಂಡು, ನಡೆ, ಒಟ್ಟಿಗೆ ಹೋಗೋಣ ಎನ್ನುತ್ತಾನೆ. ಯಕೋಬನು, ಮಕ್ಕಳು ಎಳೆಯರು, ಹಾಲೂಡುವ ಕುರಿದನಗಳು ಜೊತೆಗಿವೆ, ಒಂದು ದಿನ ಅವಸರದಿಂದ ಅಟ್ಟಿದರೂ ಮಂದೆಯೆಲ್ಲ ಸತ್ತುಹೋದೀತು, ಒಡೆಯಾ ನೀನು ಮುಂದೆ ಹೋಗು, ಮಂದೆಯ ನಡಿಗೆಗೆ, ಮಕ್ಕಳ ನಡಿಗೆಗೆ ತಕ್ಕಂತೆ ನಾನು ಸೇಯೀರಿಗೆ ಬರುತ್ತೇನೆ ಎನ್ನುತ್ತಾನೆ. ಏಸಾವನು ಸಿಟ್ಟಾಗಲಿಲ್ಲ, ತನ್ನ ನಾನೂರು ಜನರೊಂದಿಗೆ ತನ್ನ ವೇಗದಲ್ಲಿ ಹೋದ. ಯಕೋಬನು ಸೇಯೀರಿಗೆ ಹೋಗಲೇ ಇಲ್ಲ. ಸುಕ್ಕೋತಿನಲ್ಲಿ ನಿಂತು, ತನಗೊಂದು ಮನೆ, ದನಗಳಿಗೆ ಹಂದರ ಹಾಕಿದ. ಮಾತು ತಪ್ಪಿದನೇ ಎಂದು ವ್ಯಾಖ್ಯಾನಕಾರರು ಇಂದಿಗೂ ಕೇಳುತ್ತಾರೆ. ನನಗನಿಸುವಂತೆ, ಮಕ್ಕಳಿಗೂ ಕುರಿಗಳಿಗೂ ಆ ದಿನಕ್ಕೆ ಅಷ್ಟೇ ಸಾಕಾಗಿದ್ದಿರಬೇಕು.