ಇಂದಿನ ಧಮ್ಮ ಚಿಂತನೆ: ಸೇವೆಯೋ ಶಿಕ್ಷೆಯೋ?

 

ಸೊರಬದ ಹಿರಿಯರಿಗೆ ಚಂದ್ರಗುತ್ತಿಯ ಕಥೆ ಹೇಳಬೇಕಿಲ್ಲ. ಆದರೆ ನಮ್ಮ ಗುಂಪಿನಲ್ಲಿ ಈಗ ಕಿರಿಯರೇ ಹೆಚ್ಚು, ಅವರಿಗಾಗಿ ಬರೆಯುತ್ತಿದ್ದೇನೆ. ರೇಣುಕಾಂಬೆಯ ಜಾತ್ರೆಯಲ್ಲಿ ಹರಕೆ ಹೊತ್ತವರು ವರದಾ ಹೊಳೆಯಲ್ಲಿ ಮುಳುಗೆದ್ದು, ಮೈಮೇಲೆ ಬಟ್ಟೆಯಿಲ್ಲದೆ ಗುಡಿಯವರೆಗೆ ಹೋಗುತ್ತಿದ್ದರು. ಅದಕ್ಕೆ ಬೆತ್ತಲೆ ಸೇವೆ ಎಂದು ಹೆಸರು. ಬಹುಪಾಲು ನಮ್ಮ ಕೇರಿಗಳ, ಹಿಂದುಳಿದ ಜಾತಿಗಳ ಬಡ ಹೆಣ್ಣುಮಕ್ಕಳೇ. ನನ್ನ ದೊಡ್ಡಮ್ಮನೂ ಅವರಲ್ಲಿ ಒಬ್ಬಳು. ಹುಟ್ಟಿದ ಎರಡು ಕೂಸು ಉಳಿಯದೆ ಹೋದಾಗ ಯಾರೋ ಈ ಹರಕೆ ಹೇಳಿಕೊಟ್ಟಿದ್ದರು. ಹಾನಗಲ್ ಕಡೆಯಿಂದ ಬಂದು ನಮ್ಮ ಮನೆಯಲ್ಲಿ ಒಂದು ರಾತ್ರಿ ತಂಗಿ ಹೋಗುತ್ತಿದ್ದಳು.

1986ರ ಮಾರ್ಚಿನಲ್ಲಿ ದಲಿತ ಸಂಘರ್ಷ ಸಮಿತಿಯವರು ಈ ಪದ್ಧತಿ ನಿಲ್ಲಿಸಬೇಕೆಂದು ಜಾತ್ರೆಗೆ ಹೋದರು. ಗುಂಪು ತಿರುಗಿಬಿತ್ತು. ಕಾರ್ಯಕರ್ತರನ್ನು ಹೊಡೆದು ಬಟ್ಟೆ ಕಿತ್ತರು. ಪೊಲೀಸರನ್ನೂ ಬಿಡಲಿಲ್ಲ, ಮಹಿಳಾ ಪೊಲೀಸರನ್ನೂ ಬಿಡಲಿಲ್ಲ. ಬೆತ್ತಲೆಯಾಗಿಯೇ ನಡೆಸಿದರು. ದೇಶವೆಲ್ಲ ಸುದ್ದಿಯಾಯಿತು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು.

ಆಗ ನಾನು ಹೈಸ್ಕೂಲು ಹುಡುಗ. ಒಂದು ಪ್ರಶ್ನೆ ಅಂದಿನಿಂದ ಬಿಟ್ಟಿಲ್ಲ. ಬೆತ್ತಲಾಗುವುದು ಅಷ್ಟು ಪವಿತ್ರ ಸೇವೆಯಾಗಿದ್ದರೆ, ಸಿಟ್ಟು ಬಂದಾಗ ಎದುರಾಳಿಗೆ ಅದನ್ನೇ ಶಿಕ್ಷೆಯಾಗಿ ಯಾಕೆ ಕೊಟ್ಟರು? ಅಂದರೆ ಅದು ಅವಮಾನ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಬಡವರ ಮನೆಯ ಹೆಣ್ಣು ಮಾಡಿದಾಗ ಮಾತ್ರ ಅದರ ಹೆಸರು ಭಕ್ತಿ.

'ಅವರು ತಾವಾಗಿಯೇ ಇಷ್ಟಪಟ್ಟು ಮಾಡುತ್ತಿದ್ದರಲ್ಲ' ಎಂದು ಈಗಲೂ ಹೇಳುವವರಿದ್ದಾರೆ. ದೊಡ್ಡಮ್ಮನ ಕೊನೆಗಾಲದಲ್ಲಿ ನಾನೂ ಹಾಗೇ ಕೇಳಿದ್ದೆ, ನಾಚಿಕೆ ಆಗುತ್ತಿರಲಿಲ್ಲವಾ ಎಂದು. "ನಾಚಿಕಿ ಆಗಲಿಲ್ಲಂತ ಯಾರ ಹೇಳಿದ್ರು ನಿನಗ? ಕಣ್ಣ ಮುಚ್ಕೊಂಡ ನಡದಿದ್ದೆ" ಅಂದಳು. ಮಗ್ಗುಲು ತಿರುಗಿ ಮಲಗಿದಳು.

ಇಷ್ಟನ್ನು ಭಾಷಣಗಳಲ್ಲಿ ಹಲವು ಸಲ ಹೇಳಿದ್ದೇನೆ (ದೊಡ್ಡಮ್ಮನ ಮಾತೊಂದನ್ನು ಬಿಟ್ಟು, ಅದನ್ನು ಮರೆಮಾಚಿದ್ದೆ). ಚಪ್ಪಾಳೆ ಬೀಳುತ್ತದೆ. ಗುಡಿಯವರ ಕಪಟ ಹೇಳುವುದು ನಮಗೆ ಸುಲಭ. ಇಂದು ಬರೆಯಬೇಕಾದದ್ದು ನಮ್ಮದು.

ಎರಡು ತಿಂಗಳ ಹಿಂದೆ ಶಿಕಾರಿಪುರದ ಬಳ್ಳಿಗಾವಿಗೆ ಹೋಗಿಬಂದೆವಲ್ಲ, ಅಲ್ಲಿ 1065ರಲ್ಲಿ ರೂಪಭಟ್ಟಯ್ಯ ಎಂಬ ಅಧಿಕಾರಿ ಬೌದ್ಧ ವಿಹಾರ ಕಟ್ಟಿಸಿದ ಶಾಸನದ ಬಗ್ಗೆ ಎದೆಯುಬ್ಬಿಸಿ ಮಾತಾಡಿದೆವು. ಆ ಬಸ್ಸಿಗೆ ಎಲ್ಲರಿಂದ ದುಡ್ಡು ಎತ್ತಿದ್ದೆವು. ಮುಂದಿನ ಭಾನುವಾರ ಕಾಲೇಜು ಹುಡುಗಿಯೊಬ್ಬಳು ಎದ್ದು, ಉಳಿದ ಹಣ ಎಷ್ಟು, ಎಲ್ಲಿದೆ ಎಂದು ಕೇಳಿದಳು. ಹಿರಿಯರೊಬ್ಬರು, "ನಿನಗೆ ಶ್ರದ್ಧೆ ಇಲ್ಲ, ಮೊದಲು ಪಂಚಶೀಲ ಕಲಿ" ಅಂದರು. ಕೆಲವರು ನಕ್ಕರು. ನಾನು ನಗಲಿಲ್ಲ, ಆದರೆ ಬಾಯಿಯನ್ನೂ ಬಿಡಲಿಲ್ಲ. ಅದೇ ಬೆಳಿಗ್ಗೆ ಕಾಲಾಮರ ಪ್ರಸಂಗ ಓದಿಸಿದ್ದವನು ನಾನೇ! ಯಾರೋ ಹೇಳಿದರೆಂದು ನಂಬಬೇಡಿ, ಪರೀಕ್ಷಿಸಿ ನೋಡಿ ಎಂದು ವಿವರಿಸಿದ್ದೆ. ಪ್ರಶ್ನೆ ಬುದ್ಧರ ಬಾಯಲ್ಲಿ ಬಂದರೆ ಧಮ್ಮ, ಆ ಹುಡುಗಿಯ ಬಾಯಲ್ಲಿ ಬಂದರೆ ಅಶ್ರದ್ಧೆ. ಚಂದ್ರಗುತ್ತಿಯಲ್ಲಿ ನಡೆದದ್ದರಷ್ಟು ದೊಡ್ಡದಲ್ಲ ಇದು, ಒಪ್ಪುತ್ತೇನೆ. ಆದರೆ ಜಾತಿ ಅದೇ.

ವೀಮಂಸಕ ಸುತ್ತದಲ್ಲಿ ಬುದ್ಧರು ತಮ್ಮನ್ನೇ ಪರೀಕ್ಷಿಸಲು ಭಿಕ್ಖುಗಳಿಗೆ ಹೇಳುತ್ತಾರೆ. ಮಳೆಗಾಲದ ವಾಸ ಮುಗಿದಾಗ ಪವಾರಣೆ ಎಂಬ ಆಚರಣೆಯೂ ಇದೆ. ಪ್ರತಿಯೊಬ್ಬ ಭಿಕ್ಖು, ಹಿರಿಯನೂ ಸೇರಿ, ನನ್ನಲ್ಲಿ ಕಂಡ, ಕೇಳಿದ, ಸಂಶಯ ಬಂದ ತಪ್ಪನ್ನು ಹೇಳಿ ಎಂದು ಸಂಘದ ಮುಂದೆ ಕೈಮುಗಿದು ಬೇಡಬೇಕು. ಸಂಶಯವಿದ್ದರೂ ಸಾಕು, ಸಾಕ್ಷಿ ಬೇಕಿಲ್ಲ. ಇಷ್ಟು ಒಳ್ಳೆಯ ಪದ್ಧತಿ ಕೈಯಲ್ಲಿದ್ದೂ ನಾವು ಹುಣ್ಣಿಮೆಗೆ ಖೀರು ಹಂಚುವುದರಲ್ಲೇ ಮುಗಿಸುತ್ತೇವೆ.

ಆ ಹುಡುಗಿ ಆಮೇಲೆ ವಿಹಾರಕ್ಕೆ ಬರಲಿಲ್ಲ. ನಿನ್ನೆ ಅವಳ ಮನೆಗೆ ಹೋಗಿದ್ದೆ. ಕ್ಷಮಿಸಮ್ಮ ಅಂದೆ. ಅವಳ ಅವ್ವ ಚಹಾ ಕೊಟ್ಟರು. ಹುಡುಗಿ ಕೇಳಿದ್ದು ಒಂದೇ: "ಲೆಕ್ಕ ತಂದಿದ್ದೀರಾ ಸರ್?"

ತಂದಿರಲಿಲ್ಲ. ಬರುವ ಭಾನುವಾರ ಲೆಕ್ಕವೇ ಮೊದಲ ವಿಷಯ ಆಗಲಿ ಎಂದು ಇವತ್ತು ಬೆಳಿಗ್ಗೆ ಹಿರಿಯರಿಗೆ ಫೋನ್ ಮಾಡಿದ್ದೇನೆ. ಹತ್ತು ಗಂಟೆಗೆ ಎಲ್ಲರೂ ಬನ್ನಿ.

ಜೈ ಭೀಮ್.